ಟ್ಯಾಂಕ್ ತಿರುವಿನ ಹಳದಿ ಬಾವುಟ

ನನ್ನ ಕ್ಷೌರದಂಗಡಿಯಲ್ಲಿ ಒಂದು ಕಟ್ಟಳೆಯಿದೆ. ಕಾರ್ ರೇಸಿನ ದಿನ ಕೊನೆಯ ಕೆಲವು ಸುತ್ತು ಉಳಿದಿವೆ ಎನ್ನುವಾಗ ನಾನು ಕತ್ತಿ ಕೆಳಗಿಟ್ಟುಬಿಡುತ್ತೇನೆ. ಕುರ್ಚಿಯಲ್ಲಿ ಯಾರೇ ಕೂತಿರಲಿ, ಮುಖಕ್ಕೆ ಎಷ್ಟೇ ನೊರೆ ಹಚ್ಚಿರಲಿ, ಕಾಯಬೇಕು. ಇದು ಹಟವಲ್ಲ, ಗಿರಾಕಿಯ ಕುತ್ತಿಗೆಯ ಮೇಲಿನ ಕಾಳಜಿ. ಅಂಥ ಹೊತ್ತಿನಲ್ಲಿ ಕೈ ನನ್ನ ಮಾತು ಕೇಳುವುದಿಲ್ಲ. ಬಾಯಂತೂ ಯಾವ ಹೊತ್ತಿನಲ್ಲೂ ಕೇಳುವುದಿಲ್ಲ, ಅದು ಬೇರೆ ವಿಷಯ.

ಆ ಭಾನುವಾರ ಹಾಗೆ ಕುರ್ಚಿಯಲ್ಲಿ ಸಿಕ್ಕಿಬಿದ್ದವನು ಊರಿಗೆ ಹೊಸಬ, ಯಾವುದೋ ಔಷಧಿ ಕಂಪನಿಯ ಕೆಲಸದ ಮೇಲೆ ಬಂದವನು. ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ಬೆಂಚಿನ ಮೇಲೆ ನನ್ನ ಹಳೆಯ ಜೋಡಿಯಿತ್ತು. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬ ಎದುರು ಸಾಲಿನಲ್ಲಿ ಟೈರ್ ಅಂಗಡಿ ಇಟ್ಟವನು. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು, ಎಲ್ಲರಿಗೂ ಅವನು ಟೈರ್. ಮೇಷ್ಟ್ರು ನನ್ನ ಪಕ್ಷ, ಟೈರ್ ಎದುರು ಪಕ್ಷ. ಕನ್ನಡಿಯ ಮೇಲೆ ಗೋಡೆಗೆ ಬಡಿದ ಟೀವಿಯನ್ನು ಮೂವರೂ ಕತ್ತೆತ್ತಿ ನೋಡುತ್ತಿದ್ದೆವು.

ವರ್ಷದ ಕಪ್ ಯಾರಿಗೆ ಎನ್ನುವುದು ಅವತ್ತು ನಮ್ಮ ಊರಾಚೆಯ ಟ್ರ್ಯಾಕಿನಲ್ಲೇ ತೀರ್ಮಾನವಾಗಬೇಕಿತ್ತು. ಒಂದು ಕಡೆ ನಾವು ಅಜ್ಜ ಎಂದು ಕರೆಯುತ್ತಿದ್ದ ಹಳೆಯ ಹುಲಿ, ಇನ್ನೊಂದು ಕಡೆ ಪಾಪು, ಮೀಸೆ ಸರಿಯಾಗಿ ಮೂಡದ ಹುಡುಗ. ಇಬ್ಬರ ಅಂಕವೂ ಸಮ. ಯಾರು ಮುಂದೆ ಗೆರೆ ದಾಟುತ್ತಾರೋ ಅವರಿಗೆ ಕಪ್. ಅಜ್ಜ ಜೀವಮಾನದಲ್ಲಿ ಒಮ್ಮೆಯೂ ಕಪ್ ಎತ್ತಿದವನಲ್ಲ, ಈ ರೇಸ್ ಮುಗಿದರೆ ಗಾಡಿಯಿಂದ ಇಳಿಯುತ್ತೇನೆ ಎಂದು ಹೇಳಿಯೂ ಬಿಟ್ಟಿದ್ದ. ಅದಕ್ಕೇ ನನಗೆ ಬೆಳಿಗ್ಗೆಯಿಂದ ಅದೇ ಚಿಂತೆ.

ಚಿಂತೆಗೆ ಇನ್ನೊಂದು ಕಾರಣವೂ ಇತ್ತು. ಸಂಜೆ ಮಗಳು, ಅವಳ ಗಂಡ ಊಟಕ್ಕೆ ಬರುವವರಿದ್ದರು. ಮದುವೆಯಾದ ಮೇಲೆ ಅವಳು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ನಾನೇ ತುಳಿಯಬೇಡ ಎಂದಿದ್ದೆ. ಈಗ ಹೆಂಡತಿ ಹೇಗೋ ಅತ್ತು ಕರೆದು, ಅಲ್ಲಿ ಇಲ್ಲಿ ಫೋನು ಮಾಡಿ, ಇಬ್ಬರನ್ನೂ ಒಪ್ಪಿಸಿದ್ದಳು. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಅಡ್ಡ ನಿಂತು ಹೇಳಿದಳು.

"ನೋಡಿ, ಇವತ್ತು ಅವಳು ಬರ್ತಿದಾಳೆ. ನಿಮ್ಮ ಬಾಯಿಂದ ಇದೂ ಕೆಟ್ಟರೆ ಅವಳು ಇನ್ನು ಈ ಜನ್ಮದಲ್ಲಿ ಬರಲ್ಲ. ನನಗೂ ನಿಮಗೂ ಅಷ್ಟೇ ಆಮೇಲೆ."

ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಮಾತು ಕೊಟ್ಟೆ. ಮನಸ್ಸಿಟ್ಟೇ ಕೊಟ್ಟೆ. ಮಗಳನ್ನು ನೋಡದೆ ನಾನೇನೂ ಸುಖವಾಗಿರಲಿಲ್ಲ. ಅಂಗಡಿಯ ಎರಡನೇ ಕುರ್ಚಿ ಅವಳಿಗೆಂದೇ ತಂದದ್ದು, ಈಗ ಅದರ ಮೇಲೆ ಪೇಪರು ಪೇರಿಸಿದ್ದೇನೆ. ಕತ್ತರಿ ಹಿಡಿದರೆ ನನಗಿಂತ ಅವಳ ಕೈ ಚೊಕ್ಕ. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಊರಾಚೆಯ ಟ್ರ್ಯಾಕಿಗೆ ಕರೆದೊಯ್ದು ರೇಸಿನ ಹುಚ್ಚು ಹಿಡಿಸಿದವನೂ ನಾನೇ. ಆದರೆ ಬೇಲಿಯ ಈಚೆ ನಿಂತು ಕಾರು ನೋಡುವುದು ಬೇರೆ, ಬೇಲಿಯ ಆಚೆ ಕಾರಿನ ಮುಂದೆ ನಿಲ್ಲುವುದು ಬೇರೆ. ಅವಳು ಬೆಂಕಿ ಆರಿಸುವ ಸ್ವಯಂಸೇವಕರ ತಂಡ ಸೇರಿಕೊಂಡಳು. ಅಲ್ಲೇ ಬಾವುಟ ಬೀಸುವ ಒಬ್ಬ ಗಂಟುಬಿದ್ದ. ವಾರವೆಲ್ಲ ಲಿಫ್ಟ್ ರಿಪೇರಿ, ಭಾನುವಾರ ಬಾವುಟ. ಮಗಳು ಹಾಳಾಗಲು ಅವನೇ ಕಾರಣ ಎಂದು ನಾನು ನಂಬಿದ್ದೆ. ಅಳಿಯ ಎಂದು ಒಂದು ದಿನವೂ ಕರೆದವನಲ್ಲ, ನನ್ನ ಬಾಯಲ್ಲಿ ಅವನು ಬಾವುಟ. ಬೆಂಕಿಯ ಕೆಲಸ ಬಿಡುವವರೆಗೂ ಮನೆಗೆ ಬರಬೇಡ ಎಂದು ಮಗಳಿಗೆ ಹೇಳಿದ್ದೆ. ಹೆಂಡತಿಯ ಮಾತಿನ ಪ್ರಕಾರ ಅವಳು ಬಿಟ್ಟಿದ್ದಳು, ಈಗ ಗೇಟಿನ ಹತ್ತಿರ ಪಾಸು ನೋಡಿ ಒಳಗೆ ಬಿಡುವ ಕೆಲಸವಂತೆ. ಹಾಗಾಗಿಯೇ ನಾನೂ ಇಳಿದುಬಂದಿದ್ದೆ.

ಸರಿ, ರೇಸಿಗೆ ಬರುತ್ತೇನೆ. ಕೊನೆಯ ಸುತ್ತಿನ ಹಿಂದಿನ ಸುತ್ತು. ಪಾಪು ಮುಂದೆ, ಅಜ್ಜ ಅವನ ಬೆನ್ನಿಗೆ ಅಂಟಿಕೊಂಡಂತೆ ಹಿಂದೆ. ನೀರಿನ ಟ್ಯಾಂಕಿನ ಪಕ್ಕದ ತಿರುವಿನಲ್ಲಿ ಪಾಪು ಇದ್ದಕ್ಕಿದ್ದಂತೆ ನಿಧಾನವಾದ. ಅಜ್ಜ ಒಳಗಡೆಯಿಂದ ನುಗ್ಗಿದವನೇ ಅವನನ್ನು ಹಿಂದೆ ಹಾಕಿ ಹೋಗಿಯೇಬಿಟ್ಟ. ನಾನೂ ಮೇಷ್ಟ್ರೂ ತಬ್ಬಿಕೊಂಡು ಕುಣಿದೆವು. ಗೆರೆ ದಾಟುವಾಗ ನನ್ನ ಕಣ್ಣಲ್ಲಿ ನೀರು, ನಾಚಿಕೆಯಿಲ್ಲದೆ ಹೇಳುತ್ತೇನೆ. ಟೈರ್ ಮಾತ್ರ ಬೆಂಚಿನಿಂದ ಏಳದೆ ಟೀವಿ ನೋಡುತ್ತಲೇ ಇದ್ದ.

"ಕುಣೀರಿ, ಕುಣೀರಿ," ಎಂದ. "ಹಳದಿ ಬಾವುಟ ಇತ್ತು ಅಲ್ಲಿ."

ಅವನ ಬಾಯಿಗೆ ಮಣ್ಣು ಹಾಕಬೇಕು ಎನ್ನುವಷ್ಟರಲ್ಲಿ ಟೀವಿಯವರೂ ಅದನ್ನೇ ಹೇಳಿದರು. ತೀರ್ಪುಗಾರರು ಆ ತಿರುವನ್ನು ಪರಿಶೀಲಿಸುತ್ತಿದ್ದಾರೆ, ಅಲ್ಲಿಯವರೆಗೆ ಕಪ್ ಯಾರಿಗೂ ಇಲ್ಲ. ಅಜ್ಜ ಕಾರಿನಿಂದ ಇಳಿದು ಹೆಲ್ಮೆಟ್ ತೆಗೆಯದೆ ನಿಂತಿದ್ದ. ಕುರ್ಚಿಯಲ್ಲಿದ್ದ ಹೊಸಬ ಮೆಲ್ಲಗೆ, ಹಳದಿ ಬಾವುಟ ಎಂದರೇನು ಎಂದು ಕೇಳಿದ. ಮೇಷ್ಟ್ರು ತರಗತಿಯಲ್ಲಿ ನಿಂತವರಂತೆ ವಿವರಿಸಿದರು. ಮುಂದೆ ಏನೋ ಅಪಾಯವಿದೆ, ಆಕ್ಸಿಲರೇಟರಿನಿಂದ ಕಾಲೆತ್ತಿ ನಿಧಾನಿಸು ಎಂದು ಅದರ ಅರ್ಥ. ಅದು ಬೀಸುವ ಜಾಗದಲ್ಲಿ ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ಹಾಕಿದರೆ ಪೆನಾಲ್ಟಿ. ಪೆನಾಲ್ಟಿ ಬಿದ್ದರೆ ಅಜ್ಜನ ಕಥೆ ಮುಗಿಯಿತು.

"ಹಾಗಾದ್ರೆ ತಪ್ಪೇ ಅಲ್ವಾ?" ಎಂದ ಹೊಸಬ.

ನನಗೆ ಅವನ ಉಳಿದರ್ಧ ಮುಖವನ್ನು ಹಾಗೆಯೇ ಬಿಟ್ಟು ಕಳಿಸಿಬಿಡೋಣ ಅನ್ನಿಸಿತು.

ಶುರುವಾಯಿತು ನೋಡಿ ವಾದ. ಅಜ್ಜನ ಮುಂದಿನ ಚಕ್ರ ಪಾಪುವಿನ ಹಿಂದಿನ ಚಕ್ರದ ಪಕ್ಕಕ್ಕೆ ಬಂದಮೇಲೆ ಬಾವುಟ ಎದ್ದಿದೆ, ಆದ್ದರಿಂದ ಲೆಕ್ಕಕ್ಕಿಲ್ಲ ಎಂದು ಮೇಷ್ಟ್ರು. ಹಾಗಿದ್ದರೆ ಪಾಪು ಯಾಕೆ ನಿಧಾನಿಸಿದ, ಅವನಿಗೇನು ಕನಸು ಬಿದ್ದಿತ್ತೇ ಎಂದು ಟೈರ್. ಪಾಪು ಹೆದರುಪುಕ್ಕಲ, ಅದಕ್ಕೆ ನಿಧಾನಿಸಿದ ಎಂದು ನಾನು. ಅಲ್ಲಿ ನಿಂತಿದ್ದದ್ದು ಒಂದೇ ಒಂದು ಕಾರು, ಅದೂ ಟ್ರ್ಯಾಕಿನಿಂದ ಆಚೆ ಹುಲ್ಲಿನ ಮೇಲೆ, ಬಾನೆಟ್ಟಿನಿಂದ ಸ್ವಲ್ಪ ಹೊಗೆ ಬರುತ್ತಿತ್ತು, ಅಷ್ಟೇ. ಅದಕ್ಕೆ ಬಾವುಟ ಎತ್ತುವ ಅಗತ್ಯವೇನಿತ್ತು? ಕಂಟ್ರೋಲ್ ರೂಮಿನಿಂದ ಆಜ್ಞೆಯೂ ಬಂದಿರಲಿಲ್ಲವಂತೆ, ಬಾವುಟದವನು ತಾನಾಗಿಯೇ ಎತ್ತಿದ್ದಾನೆ. ಹಾಗೆ ಎತ್ತಬಹುದು, ಆದರೆ ಏನು ಕಂಡು ಎತ್ತಿದೆ ಎಂದು ತೀರ್ಪುಗಾರರ ಎದುರು ಹೇಳಬೇಕು. ಅವನನ್ನು ಒಳಗೆ ಕರೆಸಿದ್ದಾರೆ ಎಂದು ಟೀವಿಯಲ್ಲಿ ಹೇಳಿದರು.

ತಿರುವಿಗೊಬ್ಬ ಬಾವುಟದವನಿರುತ್ತಾನೆ, ಇವನು ಇನ್ಯಾರೋ ಎಂದುಕೊಂಡು ನಾನು ಅವನ ವಂಶಾವಳಿಯನ್ನೆಲ್ಲ ಜಾಲಾಡಿದೆ. ಕಣ್ಣಿಲ್ಲದ ಮುಂಡೇದು, ಯಾವ ಅಯೋಗ್ಯ ಇವನ ಕೈಗೆ ಬಾವುಟ ಕೊಟ್ಟ, ಒಬ್ಬ ಮನುಷ್ಯನ ಇಡೀ ಬದುಕನ್ನು ಒಂದು ತುಂಡು ಬಟ್ಟೆಯಿಂದ ಒರೆಸಿಹಾಕಿದನಲ್ಲ ಎಂದೆಲ್ಲ. ಆಗ ಟೀವಿಯವರು ಬಾವುಟ ಹಿಡಿದವನ ಮುಖವನ್ನು ಹತ್ತಿರದಿಂದ ತೋರಿಸಿದರು. ಟೈರ್ ಕತ್ತು ಮುಂದೆ ಚಾಚಿದ.

"ಲೋ, ಇವನು ನಿನ್ನ ಅಳಿಯ ಅಲ್ವೇನೋ?"

ಅವನೇ. ಅದೇ ಅಗಲ ಹಣೆ, ಅದೇ ಏನು ಬೈದರೂ ಅಲುಗಾಡದ ಮುಖ. ಟೈರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಜ್ಜನನ್ನು ಸೋಲಿಸಲು ಹೊರಗಿನವರು ಬೇಕಾಗಿಯೇ ಇಲ್ಲ, ನಿಮ್ಮ ಮನೆಯವರೇ ಸಾಕು ಎಂದ. ಮೇಷ್ಟ್ರು ನಗಲಿಲ್ಲ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದು, ಇನ್ನೂ ತೀರ್ಪು ಬಂದಿಲ್ಲ, ಅಪಾಯವೇನೂ ಇರಲಿಲ್ಲ ಎಂದು ನಿಮ್ಮ ಅಳಿಯ ಒಂದು ಮಾತು ಅಂದರೆ ಸಾಕು, ಅಜ್ಜ ಉಳಿದುಕೊಳ್ಳುತ್ತಾನೆ ಎಂದರು.

ಬೆಳಿಗ್ಗೆ ಹೆಂಡತಿಗೆ ಕೊಟ್ಟ ಮಾತು ನೆನಪಿತ್ತು. ನೆನಪಿತ್ತು ಎನ್ನುವುದೇ ನನ್ನ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯಿತು. ಮಗಳನ್ನು ಕಿತ್ತುಕೊಂಡದ್ದು ಸಾಲದೆ ಈಗ ಇದನ್ನೂ ಕಿತ್ತುಕೊಂಡ ಎನ್ನಿಸಿತು. ಅವನ ನಂಬರು ನನ್ನ ಫೋನಿನಲ್ಲಿ ಹೆಂಡತಿ ಹಾಕಿಟ್ಟಿದ್ದಳು. ಮೊದಲ ಸಲ ಒತ್ತಿದೆ. ಅವನು ಹಲೋ ಎಂದ, ಅಷ್ಟೇ. ಆಮೇಲೆ ಮಾತೆಲ್ಲ ನನ್ನದೇ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡುವಷ್ಟು ಜೋರಾಗಿ ಬೈದೆ. ಅವಸರದಲ್ಲಿ ಎತ್ತಿಬಿಟ್ಟೆ, ಅಪಾಯವೇನೂ ಇರಲಿಲ್ಲ ಎಂದು ಹೇಳು, ನಿನ್ನ ಗಂಟೇನು ಹೋಗುತ್ತೆ ಎಂದೆ. ಕೊನೆಗೆ ಇಷ್ಟು ಕೇಳಿದೆ.

"ಅಷ್ಟು ಅರ್ಜೆಂಟಾಗಿ ಬಾವುಟ ಎತ್ತೋಕೆ ಅಲ್ಲಿ ಯಾರು ಸಾಯ್ತಿದ್ರು?"

ಆ ಕಡೆ ಅವನು ದನಿ ತಗ್ಗಿಸಿದ.

"ಮಾವ, ನಾನು ಒಳಗಡೆ ಇದೀನಿ," ಎಂದ. "ಸಂಜೆ ಬರ್ತೀವಲ್ಲ, ಆಗ ಬೈರಿ."

ಫೋನು ಇಟ್ಟ. ನಾನು ಮತ್ತೆ ಒತ್ತಿದೆ, ಎತ್ತಲಿಲ್ಲ. ಟೀವಿಯಲ್ಲಿ ಆ ತಿರುವನ್ನು ಹಿಂದೆ ಮುಂದೆ ಮಾಡಿ ತೋರಿಸುತ್ತಲೇ ಇದ್ದರು, ನಿಧಾನವಾಗಿ, ಇನ್ನೂ ನಿಧಾನವಾಗಿ. ನಾವು ಮೂವರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎರಡೇ ಜಾಗ ನೋಡುತ್ತಿದ್ದೆವು, ಚಕ್ರ ಮತ್ತು ಬಾವುಟ. ಚಕ್ರ ಮೊದಲೋ, ಬಾವುಟ ಮೊದಲೋ. ಮೇಷ್ಟ್ರು ಸ್ಟೂಲು ಹತ್ತಿ ಪರದೆಯ ಮೇಲೆ ಬೆರಳಿಟ್ಟು ಅಳೆಯುತ್ತಿದ್ದರು. ಟೈರ್ ಕೆಳಗಿನಿಂದ ಅವರ ಬೆರಳು ದಪ್ಪ ಎಂದು ತಕರಾರು ತೆಗೆಯುತ್ತಿದ್ದ. ಕುರ್ಚಿಯಲ್ಲಿದ್ದ ಹೊಸಬನಿಗೆ ಚಕ್ರದ ಗೊಡವೆಯಿಲ್ಲ, ಬಾವುಟದ ಗೊಡವೆಯಿಲ್ಲ.

"ಈ ಮೂಲೇಲಿ ಓಡ್ತಿರೋದು ಯಾರು?" ಎಂದು ಕೇಳಿದ.

ಯಾವ ಮೂಲೆ ಎಂದು ಗದರಿದೆ. ಅವನು ಹೊದಿಕೆಯ ಬಟ್ಟೆಯೊಳಗಿಂದ ಕೈ ಹೊರತೆಗೆದು ತೋರಿಸಿದ. ಚಿತ್ರದ ಕೆಳಗಿನ ಮೂಲೆಯಲ್ಲಿ, ಬೇಲಿ ಹಾರಿ, ಕಿತ್ತಳೆ ಬಣ್ಣದ ಅಂಗಿ ತೊಟ್ಟ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಹೊಗೆಯ ಕಾರಿನತ್ತ ಓಡುತ್ತಿದ್ದರು. ಕಾರಿನ ಒಳಗೆ ಇನ್ನೂ ಚಾಲಕನಿದ್ದ, ಬೆಲ್ಟು ಬಿಚ್ಚಿಕೊಳ್ಳಲು ಒದ್ದಾಡುತ್ತಿದ್ದ. ಅಷ್ಟು ಸಲ ತೋರಿಸಿದರೂ ನಮಗೆ ಯಾರಿಗೂ ಅದು ಕಂಡಿರಲಿಲ್ಲ. ಅಜ್ಜನ ಕಾರು ಒಳಗಡೆಯಿಂದ ನುಗ್ಗಿತು, ಹಿಂದಿನ ಚಕ್ರ ಹುಲ್ಲಿಗೆ ಜಾರಿತು, ಓಡುತ್ತಿದ್ದವರ ಪಕ್ಕದಲ್ಲೇ ಹಾದುಹೋಯಿತು. ಕೈ ಚಾಚಿದ್ದರೆ ತಾಗುತ್ತಿತ್ತು. ಕಾರಿನ ಗಾಳಿಗೆ ಅವರ ತಲೆಯ ಟೋಪಿ ಹಾರಿತು.

ನಾನು ಜೀವಮಾನವಿಡೀ ಜನರನ್ನು ಹಿಂದಿನಿಂದ ನೋಡಿದವನು. ಮುಖ ಮರೆತರೂ ನೆತ್ತಿ ಮರೆಯುವುದಿಲ್ಲ. ಟೋಪಿ ಹಾರಿದ ತಲೆಯ ಹಿಂಭಾಗದಲ್ಲಿ ಒಂದು ಹಿಡಿ ಕೂದಲು ನೆಟ್ಟಗೆ ನಿಂತಿತ್ತು. ಎರಡು ಸುಳಿ ಒಂದಕ್ಕೊಂದು ಎದುರಾಗಿ ತಿರುಗುವ ಜಾಗವದು. ಎಣ್ಣೆಗೂ ಬಗ್ಗದು, ನೀರಿಗೂ ಬಗ್ಗದು. ಸ್ಕೂಲಿಗೆ ಹೋಗುವ ಮುಂಚೆ ಪ್ರತಿದಿನ ನಾನು ಬಾಚಣಿಗೆ ಹಿಡಿದು ಅದರ ಜೊತೆ ಜಗಳವಾಡಿದ್ದೇನೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ, ಅಪ್ಪ, ಅದು ನಿನ್ನ ಥರ, ಹೇಳಿದ್ದು ಕೇಳಲ್ಲ, ಬಿಟ್ಟುಬಿಡು ಎನ್ನುತ್ತಿದ್ದಳು.

ಮೇಷ್ಟ್ರು ಸ್ಟೂಲಿನ ಮೇಲಿಂದ, ನೋಡಿ ನೋಡಿ, ಚಕ್ರವೇ ಮೊದಲು ಎಂದು ಹೇಳುತ್ತಿದ್ದರು. ಅವರನ್ನು ಕೆಳಗಿಳಿಸಿ ನಾನು ಹತ್ತಿದೆ. ಮತ್ತೆ ತೋರಿಸಿದರು. ಈ ಸಲ ಬಾವುಟದವನನ್ನೂ ಸರಿಯಾಗಿ ನೋಡಿದೆ. ಅವನು ಅಜ್ಜನನ್ನು ನೋಡುತ್ತಿರಲಿಲ್ಲ, ಪಾಪುವನ್ನೂ ನೋಡುತ್ತಿರಲಿಲ್ಲ. ಬೇಲಿ ಹಾರಿದವಳನ್ನು ನೋಡುತ್ತ ಎರಡೂ ಕೈಯಿಂದ ಬಾವುಟ ಬೀಸುತ್ತಿದ್ದ. ಪಾಪು ಅದನ್ನು ಕಂಡು ಕಾಲೆತ್ತಿದ. ಅಜ್ಜ ಎತ್ತಲಿಲ್ಲ. ನನ್ನ ಅಜ್ಜ, ನಾನು ಅಷ್ಟು ವರ್ಷ ತಲೆಯ ಮೇಲೆ ಹೊತ್ತು ತಿರುಗಿದವನು, ಕಪ್ಪಿಗಾಗಿ ಕಾಲೆತ್ತಲಿಲ್ಲ.

ತೀರ್ಪು ಬಂತು. ಅಜ್ಜನಿಗೆ ಪೆನಾಲ್ಟಿ, ಕಪ್ ಪಾಪುವಿಗೆ. ಟೈರ್ ಬೆಂಚಿನ ಮೇಲೆ ನಿಂತು ಚಪ್ಪಾಳೆ ತಟ್ಟಿದ. ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತವರು, ಎಲ್ಲಾ ನಿಮ್ಮ ಅಳಿಯನ ಪ್ರತಾಪ ಎಂದು ನನ್ನ ಮೇಲೆ ಹರಿಹಾಯ್ದರು. ಜೀವನದಲ್ಲಿ ಮೊದಲ ಸಲ ಅವರಿಗೆ ಏಕವಚನದಲ್ಲಿ ಮಾತಾಡಿದೆ. "ಬಾಯಿ ಮುಚ್ಚು ಮೇಷ್ಟ್ರೇ. ಅಲ್ಲಿ ಓಡ್ತಿದ್ದದ್ದು ನನ್ನ ಮಗಳು."

ಟೈರ್ ಬೆಂಚಿನಿಂದ ಕೆಳಗಿಳಿದ. ಹೊಸಬ ಟವೆಲಿನಿಂದ ತಾನೇ ಮುಖ ಒರೆಸಿಕೊಂಡು, ಉಳಿದದ್ದು ರೂಮಿನಲ್ಲಿ ಮಾಡಿಕೊಳ್ಳುತ್ತೇನೆ ಎಂದು ಎದ್ದ. ಅವನಿಂದ ದುಡ್ಡು ತೆಗೆದುಕೊಳ್ಳದೆ ಅಂಗಡಿಯ ಬಾಗಿಲು ಎಳೆದೆ.

ಮನೆಗೆ ಹೋದರೆ ಹೆಂಡತಿ ನನ್ನ ಮುಖ ನೋಡಿದವಳೇ, ಮಗಳನ್ನು ಟೀವಿಯಲ್ಲಿ ಕಂಡಿದ್ದೇನೆಂದು ತಿಳಿದುಕೊಂಡಳು. ಗೇಟಿನ ಕೆಲಸ ಎಂದು ಸುಳ್ಳು ಹೇಳಿದ್ದು ತಾನೇ ಎಂದಳು. ನಿಜ ಹೇಳಿದ್ದರೆ ನೀವು ಬಾಗಿಲು ತೆಗೆಯುತ್ತಿದ್ದಿರಾ ಎಂದು ತಿರುಗಿ ನನ್ನನ್ನೇ ಕೇಳಿದಳು. ಫೋನಿನಲ್ಲಿ ಆಡಿದ್ದನ್ನು ಹೇಳಿದೆ. ಅವಳು ಒಲೆ ಆರಿಸಿದಳು. ಬರ್ತಾರೋ ಇಲ್ವೋ ಎಂದು ಅಷ್ಟೇ ಹೇಳಿದಳು. ಇಬ್ಬರೂ ಮೆಟ್ಟಿಲ ಸದ್ದಿಗೆ ಕಿವಿಯಿಟ್ಟು ಕೂತೆವು. ಯಾರೋ ಹತ್ತಿ ಬಂದರು, ಎದುರು ಮನೆಗೆ ಹೋದರು. ಇನ್ಯಾರೋ ಬಂದರು, ಮೇಲಿನ ಮಹಡಿಗೆ ಹೋದರು.

ಆಮೇಲೆ ಬಂದರು. ಬಾಗಿಲು ತೆಗೆದ ಕೂಡಲೇ ಮಗಳು ನನ್ನನ್ನು ತಬ್ಬಿಕೊಂಡಳು. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದ ನನಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅವಳ ಬಟ್ಟೆಯಲ್ಲಿ ಹೊಗೆಯ ವಾಸನೆ, ಎರಡೂ ಅಂಗೈಗೆ ಬ್ಯಾಂಡೇಜು. ಕಾರಿನ ಬಾಗಿಲು ಕಾದಿತ್ತಂತೆ, ಚಾಲಕ ಹೊರಗೆ ಬಂದನಂತೆ, ಚೆನ್ನಾಗಿದ್ದಾನಂತೆ. ಅವಳ ಹಿಂದೆ ಅವನು ಚಪ್ಪಲಿ ಬಿಚ್ಚುತ್ತ ತಲೆ ತಗ್ಗಿಸಿ ನಿಂತಿದ್ದ.

ಊಟಕ್ಕೆ ಕೂತಾಗ ಗೊತ್ತಾಯಿತು. ನನ್ನ ಕೂಗಾಟ ಫೋನಿನಿಂದ ಹೊರಗೆ ತೀರ್ಪುಗಾರರ ಮೇಜಿನವರೆಗೂ ಕೇಳಿಸಿತ್ತಂತೆ. ಮಾತು ತಿಳಿದಿರಲಿಲ್ಲ, ಅಬ್ಬರ ಮಾತ್ರ. ಯಾರದು ಎಂದು ಅವರು ಕೇಳಿದ್ದಾರೆ. ಇವನು, ನಮ್ಮ ಮಾವ, ಮಗಳು ಟ್ರ್ಯಾಕ್ ಮೇಲಿದ್ದದ್ದನ್ನು ಟೀವಿಯಲ್ಲಿ ನೋಡಿ ಗಾಬರಿಯಾಗಿ ಫೋನು ಮಾಡಿದ್ದಾರೆ ಎಂದಿದ್ದಾನೆ. ತೀರ್ಪುಗಾರರಲ್ಲೊಬ್ಬರು ಆಮೇಲೆ ಮಗಳನ್ನು ಕಂಡು, ನಿಮ್ಮ ತಂದೆಗೆ ನಿಮ್ಮ ಮೇಲೆ ಜೀವ ಕಣಮ್ಮ ಎಂದರಂತೆ. ಹೇಳುವಾಗ ಅವಳ ಕಣ್ಣು ತುಂಬಿತ್ತು.

"ಅಷ್ಟು ಸಣ್ಣಗೆ ಕಾಣಿಸಿದ್ದೀನಿ, ಹೇಗಪ್ಪ ಗುರುತು ಹಿಡಿದೆ?"

ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ಒತ್ತಿದಳು. ಸುಮ್ಮನಿದ್ದುಬಿಡಿ ಎಂದು ಅರ್ಥ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಕೂದಲು ನೋಡಿ ಎಂದರೆ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಮಗಳು ಎದುರಿಗೆ ಕೂತಿದ್ದಳು, ನಗುತ್ತಿದ್ದಳು, ನನಗೆ ಬೇಕಾದದ್ದೆಲ್ಲ ಆ ಮೇಜಿನ ಸುತ್ತ ಇತ್ತು. ಆದರೆ ಅವನು ಕೊಟ್ಟ ಆ ಒಳ್ಳೆಯತನವನ್ನು ಹೊದ್ದು ಕೂರಲು ನನ್ನಿಂದ ಆಗಲಿಲ್ಲ, ಮೈಯೆಲ್ಲ ಚುಚ್ಚುತ್ತಿತ್ತು.

"ನಾನು ಫೋನ್ ಮಾಡಿದ್ದು ಕಪ್‌ಗೋಸ್ಕರ ಕಣೇ," ಎಂದೆ. "ಬಾವುಟ ಸುಮ್ನೆ ಎತ್ತಿದೆ ಅಂತ ಹೇಳು ಅಂದೆ ಇವನಿಗೆ. ಅಲ್ಲಿ ಯಾರು ಸಾಯ್ತಿದ್ರು ಅಂತ ಕೇಳಿದೆ. ನಿನ್ನ ನೋಡಿದ್ದು ಆಮೇಲೆ."

ಹೆಂಡತಿಯ ಕಾಲು ನನ್ನ ಕಾಲಿನ ಮೇಲಿಂದ ಸರಿಯಿತು. ಮಗಳು ಗಂಡನ ಕಡೆ ತಿರುಗಿದಳು. ಅವನು ಅವಳ ತಟ್ಟೆಗೆ ಅನ್ನ ಬಡಿಸಿದ. ಆಮೇಲಾದರೂ ನೋಡಿದರಲ್ಲ, ಊಟ ಮಾಡು ಎಂದ, ಮೆಲ್ಲಗೆ. ಅವಳು ಮತ್ತೆ ನನ್ನ ಕಡೆ ತಿರುಗಿದಳು. ನಗು ಹೋಗಿತ್ತು, ಸಿಟ್ಟೂ ಇರಲಿಲ್ಲ.

"ಅಜ್ಜನ ಮೇಲೆ ತಕರಾರು ಬರದೇ ಇದ್ದಿದ್ರೆ ನೀನು ಅದನ್ನ ಎರಡನೇ ಸಲ ನೋಡ್ತಾನೇ ಇರ್ಲಿಲ್ಲ ಅಲ್ವಾ ಅಪ್ಪ?"

ಮೊದಲ ಸಲ ಅದು ಟೀವಿಯಲ್ಲಿ ಬಂದಾಗ ನಾನು ಮೇಷ್ಟ್ರನ್ನು ತಬ್ಬಿಕೊಂಡು ಕುಣಿಯುತ್ತಿದ್ದೆ. ಅವಳು ಆಗ ಅದೇ ಹುಲ್ಲಿನ ಮೇಲಿದ್ದಳು.

"ಇಲ್ಲ, ನೋಡ್ತಿರ್ಲಿಲ್ಲ," ಎಂದೆ.

ಅವಳು ತಲೆಯಾಡಿಸಿದಳು. ಚಮಚ ಹಿಡಿಯಲು ಹೋದಳು, ಬ್ಯಾಂಡೇಜಿನ ಕೈಯಿಂದ ಅದು ಜಾರಿ ಬಿತ್ತು. ನಾನು ಬಗ್ಗುವಷ್ಟರಲ್ಲಿ ಅಳಿಯ ಬಗ್ಗಿ ಎತ್ತಿಕೊಂಡ, ಒರೆಸಿ, ಅವಳಿಗೆ ತಾನೇ ಒಂದೊಂದೇ ತುತ್ತು ಕೊಟ್ಟ. ಊಟ ಮುಗಿಯುವವರೆಗೂ ಅವಳು ನನ್ನ ಕಡೆ ನೋಡಲಿಲ್ಲ. ಆದರೆ ಎದ್ದು ಹೋಗಲಿಲ್ಲ.